ಏಡಿಯಮ್ಮ ಮುಚ್ಚಿದ ತೂಬು

ಜಲಾಶಯದ ತೂಬು ಕಾಯುವ ಅಧಿಕಾರ ಏಡಿಯಮ್ಮನದು. ತೂಬಿನ ನೀರು ಮೊದಲು ಅವಳ ಪಟ್ಟಣದ ಕೊಳಕ್ಕೆ, ಅದು ತುಂಬಿದ ಮೇಲೆ ಪಕ್ಕದ ಪಟ್ಟಣದ ಕೊಳಕ್ಕೆ ಹರಿಯುತ್ತಿತ್ತು. ಆ ವರ್ಷ ಮಳೆ ಕೈಕೊಟ್ಟಿತು. ಏಡಿಯಮ್ಮ ತೂಬು ಮುಚ್ಚಿ ಅದರ ಮೇಲೇ ಕುಳಿತಳು.

ಪಕ್ಕದ ಪಟ್ಟಣದ ಬಾತುಕೋಳಿಗಳು ಬಂದವು. "ಅಮ್ಮಾ, ನಮ್ಮ ಕೊಳದಲ್ಲಿ ಕಾಲು ನೆನೆಯುವಷ್ಟೂ ನೀರಿಲ್ಲ. ವಾರಕ್ಕೊಮ್ಮೆಯಾದರೂ ತೂಬು ಎತ್ತಿ," ಎಂದಿತು ಹಿರಿಯ ಬಾತು.

"ನಮ್ಮ ಕೊಳ ತುಂಬಿದೆ. ಎತ್ತುವ ಅಗತ್ಯ ನನಗೆ ಕಾಣುವುದಿಲ್ಲ. ಗದ್ದಲ ಮಾಡದೆ ಹಿಂತಿರುಗಿ."

ಬೇಸಗೆ ಬಲಿತಾಗ ಏಡಿಯಮ್ಮನ ಕೊಳವೂ ಬತ್ತಿತು. ಅಲ್ಲಿದ್ದ ಅವಳ ಮರಿಗಳು ನೀರು ನೀರೆಂದು ಕೂಗಿಕೊಂಡವು. ಜಲಾಶಯದಲ್ಲಿ ಇನ್ನೂ ನೀರಿತ್ತು. ಆದರೆ ಎಷ್ಟು ಎಳೆದರೂ ತೂಬು ಅಲುಗಲಿಲ್ಲ. ಬಹಳ ದಿನ ನೀರು ಹರಿಯದೆ ಅದರ ಬಾಯಿಗೆ ಹೂಳು ಕಚ್ಚಿಕೊಂಡಿತ್ತು. ಬೇರೆ ದಾರಿ ಕಾಣದೆ ಅವಳು ಬಾತುಗಳಿಗೆ ಹೇಳಿಕಳಿಸಿದಳು.

"ಹೂಳೇ? ಅದರ ತುಂಬ ಹುಳ, ನಮಗದು ಹಬ್ಬದೂಟ!" ಎನ್ನುತ್ತ ಬಾತುಗಳು ಕೊಕ್ಕು ಹಾಕಿದವು. "ಆಗಾಗ ಎತ್ತಿದ್ದರೆ ನೀರೇ ಇದನ್ನು ತೊಳೆದುಕೊಂಡು ಹೋಗುತ್ತಿತ್ತಲ್ಲ, ಅಮ್ಮಾ?"

"ಊಟದ ನಡುವೆ ಮಾತು ಬೇಡ," ಎಂದಳು ಏಡಿಯಮ್ಮ.

ಹುಳ ನುಂಗುತ್ತ ಅವು ಹೂಳನ್ನೆಲ್ಲ ಕೆದಕಿ ತೆಗೆದವು. ತೂಬು ಎದ್ದಿತು, ನೀರು ಧುಮುಕಿತು, ಮರಿಗಳ ಕೊಳ ತುಂಬಿತು. ಅಭ್ಯಾಸದಂತೆ ಏಡಿಯಮ್ಮನ ಕೈ ತೂಬು ಮುಚ್ಚಲು ಹೋಯಿತು. ಬಾತುಗಳು ನಿಂತಲ್ಲೇ ನಿಂತು ಅದನ್ನೇ ನೋಡಿದವು. ಅವಳು ಕೈ ಹಿಂದೆಗೆದುಕೊಂಡು ಗಂಟಲು ಸರಿಮಾಡಿಕೊಂಡಳು.

"ಇಲ್ಲೇನು ನಿಂತಿದ್ದೀರಿ? ನೀರು ಆಗಲೇ ನಿಮ್ಮ ಮನೆಗೆ ಹೊರಟಿದೆ. ಅತಿಥಿ ಬರುವ ಹೊತ್ತಿಗೆ ಮನೆಯವರು ಬಾಗಿಲಲ್ಲಿರಬೇಕು. ಓಡಿ!"