ತಿಪಟೂರಿನ ಕೂಲಿ

ಬೆಂಗಳೂರಿನ ವಿರೂಪಾಕ್ಷಯ್ಯನವರ ಬಚ್ಚಲುಮನೆಯ ಪೈಪ್ ಒಡೆದಿತ್ತು. ಪ್ಲಂಬರ್ ಚೆಲುವಯ್ಯ ಬಂದು ನೋಡಿ, ದಿನಕ್ಕೆ ಸಾವಿರದಿನ್ನೂರು ಕೇಳಿದ.

"ಹಗಲು ದರೋಡೆ! ನಮ್ಮ ತಿಪಟೂರಲ್ಲಿ ಆರುನೂರಕ್ಕೆ ಮಾಡ್ತಾರೆ. ನಾನೂ ಅಷ್ಟೇ ಕೊಡೋದು," ಎಂದು ಯಜಮಾನರು ಗದರಿದರು.

"ಆಗಲಿ ಸಾರ್, ತಿಪಟೂರಿನ ಥರಾನೇ ಮಾಡೋಣ," ಎಂದು ಚೆಲುವಯ್ಯ ಕೆಲಸ ಶುರು ಮಾಡಿದ. ಒಂಬತ್ತಾಗುತ್ತಲೇ ಕೈ ತೊಳೆದು ವರಾಂಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

"ಅಮ್ಮಾ, ತಿಂಡಿ ಆಯ್ತಾ?" ಎಂದು ಅಡುಗೆಮನೆಯ ಕಡೆ ಕೂಗಿದ.

"ಇದೇನಯ್ಯಾ ಹೊಸ ವರಸೆ?" ಎಂದರು ಯಜಮಾನರು.

"ನಿಮ್ಮೂರಲ್ಲಿ ಕೆಲಸದವರಿಗೆ ತಿಂಡಿ, ಊಟ, ಎರಡು ಸಲ ಕಾಫಿ ಮನೆಯವರದ್ದೇ ಅಲ್ವಾ ಸಾರ್?"

ಯಜಮಾನರು ಗೊಣಗುತ್ತಲೇ ತಟ್ಟೆ ಹಾಕಿಸಿದರು. ಬೆಳಿಗ್ಗೆ ಎಂಟು ಇಡ್ಲಿ ಹೋಯಿತು. ಮಧ್ಯಾಹ್ನ ಚೆಲುವಯ್ಯ ಮೂರನೇ ಮುದ್ದೆಗೆ ತಟ್ಟೆ ಒಡ್ಡಿದಾಗ ಅವರು ತಡೆಯಲಾರದೆ ಕೂಗಿದರು:

"ಈ ಊರಲ್ಲಿ ರಾಗಿ, ಗ್ಯಾಸು ಏನು ರೇಟು ಗೊತ್ತೇನಯ್ಯಾ?"

"ಗೊತ್ತು ಸಾರ್. ಅದಕ್ಕೇ ಸಾವಿರದಿನ್ನೂರು ಕೇಳಿದ್ದು."