ಲಾಯದ ಬೀಗದ ಕೈ

ಹಿಂದೆ ಇಂಗ್ಲೆಂಡಿನಲ್ಲಿ ಆಸ್ಬರ್ಟ್ ಎಂಬ ಬಿಷಪ್ಪರಿದ್ದರು. ಅರಸನ ಮಂತ್ರಿಯೂ ಅವರೇ. ರಾಜ್ಯದ ಕೆಲಸ ಮುಗಿಯುವುದುಂಟೆ? ವರ್ಷಗಟ್ಟಲೆ ತಮ್ಮ ಊರಿನ ಕಡೆ ತಲೆಹಾಕಲೇ ಇಲ್ಲ. ಮಕ್ಕಳ ತಲೆ ಮುಟ್ಟಿ ದೀಕ್ಷೆ ಕೊಡುವ ಅಧಿಕಾರ ಬಿಷಪ್ಪರಿಗೆ ಮಾತ್ರ. ಹಾಗಾಗಿ ಊರಿನ ಎಷ್ಟೋ ಮಕ್ಕಳು ದೀಕ್ಷೆಯಿಲ್ಲದೆಯೇ ಬೆಳೆದು ದೊಡ್ಡವರಾದರು.

ಅಂತೂ ಒಂದು ಸಂಜೆ ಬಿಷಪ್ಪರು ಊರಿಗೆ ಬಂದರು. ಬೆಳಗಾಗುತ್ತಲೇ ಹೊರಟು ನಿಂತರು. "ಕುದುರೆ ತನ್ನಿ! ಅರಸರು ಕಾಯುತ್ತಿದ್ದಾರೆ!" ಎಂದು ಗುಡುಗಿದರು.

ಬಿಷಪ್ಪರ ಮನೆಯ ಬೀಗದ ಕೈಗಳೆಲ್ಲ ಇದ್ದದ್ದು ಮುದುಕಿ ಗುನಿಲ್ಡಳ ಹತ್ತಿರ.

"ಲಾಯದ ಬೀಗದ ಕೈ ಎಲ್ಲಿಟ್ಟೆನೋ ಸ್ವಾಮಿ, ನೆನಪೇ ಇಲ್ಲ. ಹುಡುಕುತ್ತೀನಿ. ಅಲ್ಲಿಯವರೆಗೆ ನನ್ನ ಮೊಮ್ಮಗಳ ತಲೆ ಮುಟ್ಟಿಬಿಡಿ," ಎಂದಳು.

ಬಿಷಪ್ಪರು ಮುಖ ಗಂಟಿಕ್ಕಿಕೊಂಡೇ ಮುಟ್ಟಿದರು. ತಲೆಯೆತ್ತಿ ನೋಡಿದರೆ ಅಂಗಳದ ತುಂಬ ಜನ. ಗುನಿಲ್ಡ ಮೊದಲೇ ಮನೆಮನೆಗೂ ಹೇಳಿಬಂದಿದ್ದಳು.

ವಿಧಿಯಿಲ್ಲದೆ ಒಬ್ಬೊಬ್ಬರನ್ನೇ ಕರೆದರು. ಬರುಬರುತ್ತಾ ದನಿ ಮೆತ್ತಗಾಯಿತು. ಹೆಸರು ಕೇಳಿದರು. ಕೆನ್ನೆ ಸವರಿದರು. ಗಡ್ಡ ನರೆತ ಕಮ್ಮಾರನೊಬ್ಬ ಮೊಣಕಾಲೂರಿ, "ನಾನೂ ಕಾಯ್ತಾ ಇದ್ದೆ ಸ್ವಾಮಿ," ಎಂದು ಅತ್ತ. ಬಿಷಪ್ಪರು ಅವನ ತಲೆ ಮುಟ್ಟಿದರು. ಬಾಗಿ ಅವನನ್ನು ಅಪ್ಪಿಕೊಂಡರು.

ಸಂಜೆ ಗುನಿಲ್ಡ ಸೊಂಟದಿಂದ ಬೀಗದ ಕೈ ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. "ಸಿಕ್ಕಿತು ಸ್ವಾಮಿ," ಎಂದು ತಲೆತಗ್ಗಿಸಿದಳು.

"ಸುತ್ತಲ ಹಳ್ಳಿಗಳಿಗೂ ಹೇಳಿಕಳಿಸಿದ್ದೀಯಾ ತಾಯಿ?"

"ಹೂಂ ಸ್ವಾಮಿ. ನಾಳೆ ಬರ್ತಾರೆ."

ಬಿಷಪ್ಪರು ಅವಳ ಬೆರಳುಗಳನ್ನು ಮೆಲ್ಲಗೆ ಮಡಿಸಿ ಮುಷ್ಟಿ ಮುಚ್ಚಿದರು.

"ಹಾಗಾದರೆ ಇನ್ನೂ ಸಿಕ್ಕಿಲ್ಲ," ಎಂದರು.