ನೊಣಕ್ಕೆ ಮೀಸಲು ಕುರ್ಚಿ

ಯಾವ ಕಾಲ ಅಂತ ಕೇಳಬೇಡಿ, ಅಷ್ಟು ಹಿಂದಕ್ಕೆ ಎಣಿಸೋಕೆ ನನಗೆ ಬರಲ್ಲ. ಕಾರೇಪಾಳ್ಯ ಅಂತ ನಮ್ಮೂರು, ಊರಿಗೊಬ್ಬ ಪಟೇಲ. ಪಟೇಲ ನಗದೆ ಯಾರೂ ನಗಬಾರದು. ಅವನು ನಕ್ಕ ಮೇಲೂ ಬಾಯಿಗೆ ಟವಲ್ ಅಡ್ಡ ಹಿಡಿದೇ ನಗಬೇಕು. ಅದು ಕಟ್ಟಳೆ.

ಒಂದು ದಿನ ಪಟೇಲ ಸಗಣಿ ತುಳಿದು ಜಾರಿ ಬಿದ್ದ. ಕುರಿ ಕಾಯೋ ಮುದ್ದಯ್ಯ ನಕ್ಕುಬಿಟ್ಟ. ಅವನ ಟವಲನ್ನೇ ಅವನ ಬಾಯಿಗೆ ತುರುಕಿ, ಚಾವಡಿ ಮುಂದೆ ಹೊತ್ತು ಮುಳುಗೋವರೆಗೂ ಬಿಸಿಲಲ್ಲಿ ನಿಲ್ಲಿಸಿದರಂತೆ. ಆ ಮುದ್ದಯ್ಯನ ಮಗನೇ ನಮ್ಮ ಹೊಂಬಾಳಯ್ಯ. ಇದೇ ಚಾವಡಿ ಮುಂದೆ ಊರೆಲ್ಲ ಬಾಯಿ ಬಿಟ್ಟು ನಗದೇ ಹೋದರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ ಅಂತ ಆಣೆ ಹಾಕಿ, ಅದೇ ಟವಲ್ ಹೆಗಲಿಗೆ ಹಾಕ್ಕೊಂಡು ಊರು ಬಿಟ್ಟನಂತೆ.

ಹೋದವನು ಪಿಚ್ಚರ್ ಡೈರೆಕ್ಟರ್ ಆದ. ಬರೀ ನಗಿಸೋ ಪಿಚ್ಚರ್. ಮೊದಲನೇದಕ್ಕೆ ಜನ ನಕ್ಕ ರಭಸಕ್ಕೆ ಟೆಂಟಿನ ಗೂಟ ಕಿತ್ತು, ಡೇರೆ ಹಾರಿ, ಮೂರು ಹರದಾರಿ ಆಚೆ ಹುಣಸೆಮರದ ಮೇಲೆ ಕೂತಿತಂತೆ. ಎರಡನೇದರ ಕಥೆ ಕಿವಿಗೆ ಬಿದ್ದು, ಚಟ್ಟದ ಮೇಲಿದ್ದ ಮುದುಕ ಎದ್ದು ಕೂತು, ನಕ್ಕು, ಮತ್ತೆ ಮಲಗಿದನಂತೆ. ಸುಳ್ಳು ಅನ್ನೋರು ಹೋಗಿ ಆ ಮರ ನೋಡಿ, ಇನ್ನೂ ಬಗ್ಗಿಕೊಂಡೇ ಇದೆ.

ಹದಿನೇಳನೇ ಪಿಚ್ಚರಿಗೆ ಕ್ಯಾಮೆರಾ ಹೊತ್ತು ನಮ್ಮ ಚಾವಡಿಗೇ ಬಂದ. ಊರೋರೆಲ್ಲ ಒಟ್ಟಿಗೆ ನಗಬೇಕು, ಅಷ್ಟೇ ಸೀನು. ಉಳಿದಿದ್ದು ಒಂದೇ ಡಬ್ಬಿ ರೀಲು. ಪಟೇಲ ಬಂದವನೇ ಡೈರೆಕ್ಟರ್ ಕುರ್ಚೀಲಿ ಕೂತ. ನಾನಂತೂ ನಗಲ್ಲ, ಯಾವನು ನಗ್ತಾನೋ ನೋಡ್ತೀನಿ ಅಂದ. ಹೊಂಬಾಳಯ್ಯ ಕುಣಿದ, ಕತ್ತೆ ಥರ ಅರಚಿದ. ಊರೋರು ಟವಲ್ ಕಚ್ಚಿಕೊಂಡು ನಿಂತರೇ ಹೊರತು ಉಸಿರಲಿಲ್ಲ.

ಆಗ ಹೊಂಬಾಳಯ್ಯ ಕ್ಯಾಮೆರಾನ ಪಟೇಲನ ಕಡೆಗೇ ತಿರುಗಿಸಿದ. "ಪಟೇಲ್ರೇ, ನೀವೇ ಹೀರೋ. ಕದಲಬೇಡಿ. ಕದಲಿದ್ರೆ ಪಟದಲ್ಲಿ ಎರಡು ಮುಖ ಬರ್ತವೆ" ಅಂದ. ಹಿಂದೊಮ್ಮೆ ಪೇಟೇಲಿ ಪಟ ತೆಗೆಸ್ಕೊಂಡಾಗ ಫೋಟೋದವನೂ ಹಂಗೇ ಹೇಳಿದ್ದನಲ್ಲ, ಪಟೇಲ ನಂಬಿದ. ಮೀಸೆ ತಿರುವಿ, ಉಸಿರು ಬಿಗಿಹಿಡಿದು ಕಲ್ಲಾಗಿ ಕೂತ.

ಬಂತು ಒಂದು ನೊಣ. ಮೂಗಿನ ತುದೀಲಿ ಕೂತಿತು. ಮೀಸೆ ಮೇಲೆ ಈ ತುದಿಯಿಂದ ಆ ತುದಿಗೆ ನಡೀತು. ಹೊಳ್ಳೆ ಒಳಗೆ ಇಣುಕಿತು. ಪಟೇಲನ ಕಣ್ಣುಗುಡ್ಡೆ ಅದರ ಹಿಂದೆಯೇ ಓಡಿದವು. ಮುಖ ಅಲ್ಲಾಡಲಿಲ್ಲ.

ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದ ನಮ್ಮಜ್ಜಿ ಸಣ್ಣತಾಯಮ್ಮ ಅದನ್ನ ಕಿತ್ತು ತೆಗೆದಳು. ಹೌದು ಕಣ್ರಯ್ಯ, ನನ್ನ ಸ್ವಂತ ಅಜ್ಜಿ! "ಲೇ, ನೊಣಕ್ಕೇ ಇಲ್ಲದ ಭಯ ನಮಗ್ಯಾತಕ್ರೋ!" ಅಂದವಳೇ ನಕ್ಕಳು. ಅವಳು ನಕ್ಕಳು, ಊರು ನಕ್ಕಿತು, ಕೆರೆ ನೀರು ಕುಲುಕಿ ಕೋಡಿ ಬಿತ್ತು ಅಂತಾರೆ. ಪಟೇಲ ಏಳೋ ಹಂಗಿಲ್ಲ, ಎದ್ದರೆ ಎರಡು ಮುಖ! ರೀಲು ಮುಗಿಯೋವರೆಗೂ ಕೂತೇ ಇದ್ದ.

ಎದ್ದ ಮೇಲೆ ಡಬ್ಬಿ ಸುಡ್ತೀನಿ ಅಂತ ಅಬ್ಬರಿಸಿದ. "ಸುಡಿ" ಅಂದ ಹೊಂಬಾಳಯ್ಯ, ಅಪ್ಪನ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು. "ಊರು ನಕ್ಕಾಯ್ತು. ಅದನ್ನ ಹೆಂಗೆ ಸುಡ್ತೀರಿ?" ಪಟೇಲನಿಗೆ ಬೆಂಕಿಪೊಟ್ಟಣ ಕೊಡೋರು ಊರಲ್ಲಿ ಒಬ್ಬರೂ ಸಿಗಲಿಲ್ಲವಂತೆ.

ಇವತ್ತಿಗೂ ನಮ್ಮೂರ ಟೆಂಟಿಗೆ ಬಂದು ನೋಡಿ. ಟವಲ್ ಹೆಗಲ ಮೇಲಿರ್ತದೆ, ಬಾಯಿಗೆ ಬರಲ್ಲ. ಮುಂದಿನ ಸಾಲಲ್ಲಿ ಒಂದು ಕುರ್ಚಿ ಖಾಲಿ, ಅದರ ಮೇಲೆ ಒಂದಚ್ಚು ಬೆಲ್ಲ. ಎಂಥಾ ದೊಡ್ಡ ಮನುಷ್ಯ ಬಂದರೂ ಅಲ್ಲಿ ಕೂರಿಸಲ್ಲ. ನೊಣ ಬಂದು ಕೂತ ಮೇಲೇ ಪಿಚ್ಚರ್ ಶುರು.